ಫೈಲು ಒದ್ದೆಯಾಗಬಾರದು

ಗಲ್ಫಿನ ವೀಸಾ ಮನೆಗೆ ಬರುತ್ತದೆ. ಓದಿನ ವೀಸಾಕ್ಕೆ ನಾವೇ ಹೋಗಬೇಕು. ಭಟ್ಕಳ, ಹೊನ್ನಾವರ, ಕುಮಟಾದ ಮಕ್ಕಳು ವಿದೇಶಿ ವಿಶ್ವವಿದ್ಯಾಲಯಗಳಿಗೆ ಹೊರಡುವ ಹಂಗಾಮು ಇದು. ಆ ದಾರಿಯ ಮೊದಲ ನಿಲ್ದಾಣ ಮನೆಯ ಟ್ರಂಕು!

ಕುಮಟಾ ರೈಲು ನಿಲ್ದಾಣ, ಆಷಾಢದ ಸಂಜೆ. ಮುಂಬೈಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ತಡ. ಪ್ಲಾಟ್‌ಫಾರ್ಮಿನ ತಗಡಿನ ಮೇಲೆ ಮಳೆ ಚಂಡೆ ಬಾರಿಸುತ್ತಿದೆ. ಬೆಂಚಿನ ತುದಿಯಲ್ಲಿ ಕೂತ ಹುಡುಗನ ತೊಡೆಯ ಮೇಲೊಂದು ಫೈಲು. ಅದಕ್ಕೆ ಮೊದಲು ಪ್ಲಾಸ್ಟಿಕ್ ಕೊಟ್ಟೆ, ಅದರ ಮೇಲೆ ಬಟ್ಟೆ ಅಂಗಡಿಯ ಚೀಲ, ಅದಕ್ಕೂ ಮೇಲೆ ಅಪ್ಪನ ಹಳೇ ರೇನ್‌ಕೋಟು.

"ತಮಾ, ಫೈಲು ಒದ್ದೆ ಆಗ್ತು ನೋಡು," ಎನ್ನುತ್ತಾರೆ ಆಯಿ, ಮೂರನೇ ಸಲ.

ಆ ಫೈಲಿನಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಡಿಗ್ರಿ ಸರ್ಟಿಫಿಕೇಟಿನವರೆಗೆ ಹುಡುಗನ ಇಡೀ ಓದಿದೆ. ಜೊತೆಗೆ ಪಾಸ್‌ಪೋರ್ಟು, ಬ್ಯಾಂಕಿನ ಕಾಗದ, ಅಡಿಕೆ ತೋಟದ ಪಹಣಿ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಅಮೆರಿಕನ್ ಕಾನ್ಸುಲೇಟಿನಲ್ಲಿ ಸಂದರ್ಶನ ಇರುವುದು ನಾಡಿದ್ದು. ರೈಲು ನಾಳೆ ಬೆಳಿಗ್ಗೆಯೇ ಮುಂಬೈ ಮುಟ್ಟಿಸುತ್ತದೆ. ಒಂದು ದಿನ ಮೊದಲೇ ಯಾಕೆ ಎಂದರೆ ಅಪ್ಪ ನಗುತ್ತಾರೆ: "ಮಳೆಗಾಲ. ಯಾವ ಗುಡ್ಡ ಯಾವಾಗ ಜರೀತು ಹೇಳಲೆ ಬತ್ತಿಲ್ಲೆ."

ಈ ಜಿಲ್ಲೆಯವರಿಗೆ ಅದನ್ನು ವಿವರಿಸಬೇಕಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ವಾರಗಟ್ಟಲೆ ಬಂದ್ ಆಯಿತು. ಮೂರು ವಾರ ಕಳೆದು, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ನಡುರಾತ್ರಿ ಮುರಿದು ಬಿತ್ತು. ಅಮೆರಿಕ, ಯುರೋಪಿನ ವಿಶ್ವವಿದ್ಯಾಲಯಗಳು ಬಾಗಿಲು ತೆರೆಯುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಹಾಗಾಗಿ ಓದಿನ ವೀಸಾದ ಕೊನೆಯ ಓಟ ಬೀಳುವುದು ನಮ್ಮ ಜಡಿಮಳೆಯ ಕಾಲಕ್ಕೇ.

ಕಡಲಿನವರಿಗೆ ಇದೊಂದು ವಿಚಿತ್ರ ಹೊಂದಾಣಿಕೆ. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗಸ್ಟಿನಲ್ಲಿ ಬೋಟುಗಳು ನೀರಿಗಿಳಿಯುತ್ತವೆ, ಮಕ್ಕಳು ವಿಮಾನ ಹತ್ತುತ್ತಾರೆ. ಬೋಟಿನವರು ಆ ಎರಡು ತಿಂಗಳು ಸುಮ್ಮನೆ ಕೂರುವುದಿಲ್ಲ, ಬಲೆ ಹೆಣೆಯುತ್ತಾರೆ, ಎಂಜಿನ್ ಬಿಚ್ಚಿ ಜೋಡಿಸುತ್ತಾರೆ. ವೀಸಾಕ್ಕೂ ಅಂಥದೇ ತಯಾರಿ ಬೇಕು. ಅದಕ್ಕೆ ಹಿಡಿಯುವ ಕಾಲ ಮಾತ್ರ ಎರಡು ತಿಂಗಳಲ್ಲ, ಒಂದು ವರ್ಷ.

‘ವೀಸಾ ಬಂತು!’

ಭಟ್ಕಳದಲ್ಲಿ ವೀಸಾ ಎಂಬುದು ಅಕ್ಕಿ, ಮೀನಿನಷ್ಟೇ ಬಳಕೆಯ ಮಾತು. ಅಲ್ಲಿಯ ನವಾಯತ ಮುಸ್ಲಿಮರ ಮನೆಗಳಿಗೆ ದುಬೈ ಎಂದರೆ ಪಕ್ಕದ ಓಣಿ. ಅಲ್ಲಿನ ಮಾತಿನ ಧಾಟಿಯನ್ನೇ ಗಮನಿಸಿ: "ಹುಡುಗನಿಗೆ ವೀಸಾ ಬಂತು." ಮಾವನೋ ದೊಡ್ಡಪ್ಪನೋ ಕಂಪನಿಯಲ್ಲಿ ಮಾತಾಡುತ್ತಾರೆ, ಕಂಪನಿ ಸ್ಪಾನ್ಸರ್ ಆಗುತ್ತದೆ, ಕಾಗದ ಮನೆಗೆ ತಲುಪುತ್ತದೆ. ಹೋಗುವವನ ಕೆಲಸ ಪೆಟ್ಟಿಗೆ ಕಟ್ಟುವುದು.

ಓದಿನ ವೀಸಾದಲ್ಲಿ ಕರೆಸಿಕೊಳ್ಳುವ ಮಾವ ಇಲ್ಲ. ಸೀಟು ಕೊಡುವುದು ವಿಶ್ವವಿದ್ಯಾಲಯ, ವೀಸಾ ಕೊಡುವುದು ಆ ದೇಶದ ಸರ್ಕಾರ. ಒಂದು ಸಿಕ್ಕಿತೆಂದರೆ ಇನ್ನೊಂದೂ ಸಿಕ್ಕಂತೆ ಎನ್ನುವ ಹಾಗಿಲ್ಲ. ಯಾರು ನೀನು, ಏನು ಓದುತ್ತೀ, ದುಡ್ಡು ಯಾರದು, ಓದು ಮುಗಿದ ಮೇಲೆ ಏನು? ಈ ನಾಲ್ಕಕ್ಕೂ ಹುಡುಗನೇ ಉತ್ತರ ಹೇಳಬೇಕು, ಕಾಗದವೂ ಅದನ್ನೇ ಹೇಳಬೇಕು.

ಹಾಗಂತ ಭಟ್ಕಳದ ಅನುಭವ ವ್ಯರ್ಥವಲ್ಲ. 1919ರಲ್ಲೇ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ಕಟ್ಟಿ ಓದಿಗೆ ಇಳಿದ ಊರು ಅದು. ಸರ್ಟಿಫಿಕೇಟಿಗೆ ಯಾವ ಮೊಹರು ಯಾವ ಕ್ರಮದಲ್ಲಿ ಬೀಳಬೇಕೆಂಬುದು ಅಲ್ಲಿನ ಅಜ್ಜಂದಿರಿಗೂ ಬಾಯಿಪಾಠ. ಆದರೆ ಅದೇ ಪಾಠ ಕೆಲವೊಮ್ಮೆ ಅನಗತ್ಯ ಖರ್ಚಿಗೂ ದಾರಿ. ಯುಎಇಯಲ್ಲಿ ಕೆಲಸಕ್ಕೆ ಡಿಗ್ರಿಯ ಮೇಲೆ ರಾಜ್ಯದ್ದು, ವಿದೇಶಾಂಗ ಸಚಿವಾಲಯದ್ದು, ರಾಯಭಾರ ಕಚೇರಿಯದ್ದು ಎಂದು ಸಾಲು ಮುದ್ರೆ ಬೇಕು. ಭಾರತ 2005ರಲ್ಲಿ ಸೇರಿದ ಅಪೋಸ್ಟಿಲ್ ಒಪ್ಪಂದದ ಬಹುಪಾಲು ದೇಶಗಳಿಗೆ ರಾಯಭಾರ ಕಚೇರಿಯ ಮುದ್ರೆ ಬೇಡ, ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಸಾಕು. ಒಮಾನ್, ಬಹ್ರೇನ್ ಆ ಪಟ್ಟಿಯಲ್ಲಿವೆ, 2022ರಿಂದ ಸೌದಿಯೂ ಇದೆ. ಅಮೆರಿಕ, ಬ್ರಿಟನ್ನಿನ ವಿದ್ಯಾರ್ಥಿ ವೀಸಾ ಅರ್ಜಿಗಾದರೆ ಅಂಕಪಟ್ಟಿಗೆ ಈ ಯಾವ ಮುದ್ರೆಯೂ ಬೇಡ. ಏಜೆಂಟರು ಹೇಳಿದರೆಂದು ಮುದ್ರೆಗೆ ದುಡ್ಡು ಕೊಡುವ ಮೊದಲು ವಿಶ್ವವಿದ್ಯಾಲಯಕ್ಕೆ ಒಂದು ಇಮೇಲ್ ಹಾಕಿ ಕೇಳಿದರೆ ತಪ್ಪೇನು?

ಗಲ್ಫಿನಲ್ಲಿ ಬೆಳೆದ ಮಕ್ಕಳದು ಇನ್ನೊಂದು ಲೆಕ್ಕ. ಅಪ್ಪನ ಅವಲಂಬಿತರಾಗಿ ಯುಎಇ ವಾಸದ ವೀಸಾ ಇದ್ದವರು ಆರು ತಿಂಗಳಿಗಿಂತ ಹೆಚ್ಚು ಹೊರಗುಳಿದರೆ ಅದು ಬಿದ್ದುಹೋಗುವುದು ಸಾಮಾನ್ಯ ನಿಯಮ. ಅಮೆರಿಕದ ವೀಸಾಕ್ಕೆ ತಾವು ಪ್ರಜೆಯಾಗಿರುವ ಅಥವಾ ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕೆಂದು 2025ರ ಸೆಪ್ಟೆಂಬರಿನಲ್ಲಿ ಆ ದೇಶ ಸೂಚಿಸಿತು. ಸಂದರ್ಶನದ ದಿನಾಂಕ ಬೇಗ ಸಿಗುತ್ತದೆಂದು ಮೂರನೇ ದೇಶಕ್ಕೆ ಹಾರುವ ಕಾಲ ಮುಗಿಯಿತು. ಆದ್ದರಿಂದ ಅರ್ಜಿ ದುಬೈಯಿಂದಲೋ ಭಟ್ಕಳದಿಂದಲೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಹೊನ್ನಾವರ ಕಂಡ ಹಳೇ ಪ್ರವಾಸಿಗರು

ಈ ತೀರಕ್ಕೆ ಓದಿನ ಕುತೂಹಲ ಹೊತ್ತು ಬಂದವರೂ ಇದ್ದರು. 14ನೇ ಶತಮಾನದಲ್ಲಿ ಮೊರಾಕ್ಕೊದ ಇಬ್ನ್ ಬತೂತ ಹೊನ್ನಾವರಕ್ಕೆ ಬಂದ. ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಇಲ್ಲಿ ಕಂಡೆ, ಬೇರೆಲ್ಲೂ ಹೀಗೆ ನೋಡಿಲ್ಲ ಎಂದು ಬರೆದಿಟ್ಟ.

ಅವನು ದಿಲ್ಲಿಯ ತುಘಲಕ್ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದವನು. ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕಿ ಕಾಣಿಕೆಗಳ ಹಡಗು ಒಡೆಯಿತು. ಅವನ ಸಾಮಾನಿದ್ದ ಇನ್ನೊಂದು ಹಡಗು ಅವನನ್ನು ಬಿಟ್ಟೇ ಹೋಯಿತು. ಬರಿಗೈಯಲ್ಲಿ ಅವನು ಮರಳಿದ್ದು ಇದೇ ಹೊನ್ನಾವರಕ್ಕೆ. ಎಲ್ಲ ಸಾಮಾನನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ ಎಂದು ವೀಸಾ ತರಬೇತಿಯಲ್ಲಿ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಕತೆ ಸಿಗಲಿಕ್ಕಿಲ್ಲ.

16ನೇ ಶತಮಾನದಲ್ಲಿ ಪೋರ್ಚುಗೀಸರು ಈ ಕಡಲಿನ ಹಡಗುಗಳಿಗೆ ‘ಕರ್ತಾಜ್’ ಎಂಬ ಪರವಾನಗಿ ಚೀಟಿಯನ್ನು ಹೇರಿದರು. ಚೀಟಿ ಇಲ್ಲದ ಹಡಗಿನ ಸರಕು ಮುಟ್ಟುಗೋಲು. ಅದನ್ನು ಇಂದಿನ ವೀಸಾದ ಮುತ್ತಜ್ಜ ಎನ್ನಬಹುದು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಬಂದ. ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗಾರನಾಗಿ ಹೊನ್ನಾವರದಿಂದ ಗೇರುಸೊಪ್ಪೆ ಮಾರ್ಗವಾಗಿ ಘಟ್ಟ ಹತ್ತಿದ. ದಾರಿಯ ದೇವಸ್ಥಾನವೊಂದರ ಜಗುಲಿಯಲ್ಲಿ ಮಕ್ಕಳು ನೆಲದ ಮರಳಿನಲ್ಲಿ ಬೆರಳಾಡಿಸಿ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದು ಅವನ ಪತ್ರಗಳಲ್ಲಿದೆ.

ಆಗ ಪರದೇಶಿಗಳು ನಮ್ಮ ಶಾಲೆ ಎಣಿಸಲು ಬಂದರು. ಈಗ ಆ ಮಕ್ಕಳ ಮೊಮ್ಮಕ್ಕಳು ಪರದೇಶದ ಶಾಲೆ ಹುಡುಕಿ ಹೊರಟಿದ್ದಾರೆ.

ಒಬ್ಬನೇ ಹುಡುಗ, ಮೂರು ಹೆಸರು

ವೀಸಾ ಕೆಲಸದಲ್ಲಿ ನಮ್ಮ ಕಡೆಯವರ ದೊಡ್ಡ ಶತ್ರು ಸ್ವಂತ ಹೆಸರು.

ಶಾಲೆಯ ದಾಖಲೆಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಎರಡು ಇನಿಷಿಯಲ್. ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿಸಿ ಪೂರ್ತಿ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಇದೆಯೋ ಇಲ್ಲವೋ ದೇವರಿಗೇ ಗೊತ್ತು. ‘ಹೆಗಡೆ’ಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ‘ಎ’ ಇರುವುದೂ ಉಂಟು, ಇಲ್ಲದಿರುವುದೂ ಉಂಟು. ನಾಯ್ಕ, ನಾಯಕ, ನಾಯಕ್ ಒಂದೇ ಮನೆಯಲ್ಲಿ ಮೂರು ಬಗೆ. ‘ಮೊಹಮ್ಮದ್’ಗಂತೂ ಅಂಕಪಟ್ಟಿಯಲ್ಲಿ ನಾಲ್ಕಕ್ಷರದ ಸಂಕ್ಷೇಪ, ಪಾಸ್‌ಪೋರ್ಟಿನಲ್ಲಿ ಇಡೀ ಹೆಸರು.

ಊರಿನಲ್ಲಿ ಇದಾವುದೂ ಲೆಕ್ಕಕ್ಕಿಲ್ಲ, ಪೋಸ್ಟ್‌ಮ್ಯಾನಿಗೆ ಎಲ್ಲರೂ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಮೂರು ಹೆಸರೆಂದರೆ ಮೂರು ಜನ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅಡ್ಡಹೆಸರಿನ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬೀಳುತ್ತದೆ. ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು. ಯುಎಇ 2022ರ ನವೆಂಬರಿನಿಂದ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾವನ್ನೇ ನಿರಾಕರಿಸಿತು. ದುಬೈಯಲ್ಲಿ ಚಿಕ್ಕಪ್ಪನ ಮನೆಯಲ್ಲಿ ನಾಲ್ಕು ದಿನ ಇದ್ದು ಲಂಡನ್ನಿಗೆ ಹೋಗುತ್ತೇನೆ ಎನ್ನುವವರು ಇದನ್ನು ನೆನಪಿಡಬೇಕು.

ಸರಿಪಡಿಸುವ ದಾರಿ ಇದೆ, ಆದರೆ ಅದು ನಿಧಾನ. ಅಂಕಪಟ್ಟಿಯ ತಪ್ಪಿಗೆ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ಐಇಎಲ್‌ಟಿಎಸ್, ಟೋಫೆಲ್ ಪರೀಕ್ಷೆಗೆ ಹೆಸರು ನೋಂದಾಯಿಸುವ ಮೊದಲೇ ಪಾಸ್‌ಪೋರ್ಟು ಸರಿಯಾಗಿರಬೇಕು, ಯಾಕೆಂದರೆ ಅಲ್ಲಿ ಗುರುತಿಗೆ ಸಾಮಾನ್ಯವಾಗಿ ಕೇಳುವುದು ಪಾಸ್‌ಪೋರ್ಟನ್ನು. ಇನ್ನು ತೊಟ್ಟಿಲಲ್ಲಿ ಮಲಗಿರುವವರಿಗೂ ಒಂದು ಮಾತಿದೆ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಪಾಸ್‌ಪೋರ್ಟಿನಲ್ಲಿ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಪುರಾವೆ. ಹೆಸರಿಡುವ ದಿನವೇ ಕಾಗುಣಿತ ನೋಡಿಕೊಳ್ಳಿ.

ಒಂದು ವೀಸಾಕ್ಕೆ ನಾಲ್ಕೂರು ಯಾತ್ರೆ

ನಗರದ ಮಕ್ಕಳು ಮೆಟ್ರೊ ಹತ್ತಿ ಮುಗಿಸುವ ಕೆಲಸಕ್ಕೆ ಕರಾವಳಿಯ ಮಕ್ಕಳು ರಾಜ್ಯ ಸುತ್ತಬೇಕು.

ಪಾಸ್‌ಪೋರ್ಟ್ ಸೇವಾ ಕೇಂದ್ರವೆಂದರೆ ಹುಬ್ಬಳ್ಳಿ ಇಲ್ಲವೇ ಮಂಗಳೂರು. ಅಂಚೆ ಕಚೇರಿಗಳಲ್ಲೇ ಪಾಸ್‌ಪೋರ್ಟ್ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲಿ ಮೊದಲು ಶುರುವಾದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಆನ್‌ಲೈನಿನಲ್ಲಿ ಈ ಎರಡು ಬಗೆಯ ಕೇಂದ್ರಗಳಲ್ಲಿ ಹತ್ತಿರದ್ದು ಯಾವುದು ಸಿಗುತ್ತದೋ ನೋಡಿ ದಿನ ಗೊತ್ತು ಮಾಡಿಕೊಳ್ಳಬೇಕು.

ಟ್ರಾನ್‌ಸ್ಕ್ರಿಪ್ಟ್ (ವಿಶ್ವವಿದ್ಯಾಲಯದ ಅಂಕ ವಿವರ) ಬೇಕೆಂದರೆ ಧಾರವಾಡ. ಕುಮಟಾದ ಬಾಳಿಗಾ ಕಾಲೇಜು, ಹೊನ್ನಾವರದ ಎಸ್‌ಡಿಎಂ ಕಾಲೇಜಿನಲ್ಲಿ ಡಿಗ್ರಿ ಮಾಡಿದವರ ಪದವಿಯ ಮೇಲಿರುವುದು ಕರ್ನಾಟಕ ವಿಶ್ವವಿದ್ಯಾಲಯದ ಮೊಹರು. ಎಂಜಿನಿಯರಿಂಗಿನವರಿಗಾದರೆ ಬೆಳಗಾವಿಯ ವಿಟಿಯು.

ಬ್ರಿಟನ್, ಯುರೋಪಿನ ವೀಸಾ ಅರ್ಜಿಗೆ ಬೆರಳಚ್ಚು ಕೊಡಲು ಬೆಂಗಳೂರು. ಕಾರವಾರದಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಇಂಥ ಫೈಲುಗಳನ್ನು ಹತ್ತಿಸಿಕೊಂಡೇ ಘಟ್ಟ ಏರುತ್ತದೆ. ಅಮೆರಿಕಕ್ಕಾದರೆ ಸಂದರ್ಶನ ಮುಂಬೈ, ಚೆನ್ನೈ ಅಥವಾ ಹೈದರಾಬಾದು. ಬೆಂಗಳೂರಿನಲ್ಲಿ ಕಾನ್ಸುಲೇಟ್ ತೆರೆಯುವುದಕ್ಕೆ 2025ರ ಜನವರಿಯಲ್ಲಿ ಅಮೆರಿಕ ಚಾಲನೆ ಕೊಟ್ಟಾಗ ವೀಸಾ ಸೇವೆ ಅದರಲ್ಲಿ ಸೇರಿರಲಿಲ್ಲ.

ಹಾಗಾಗಿ ಇಲ್ಲಿಯ ಮನೆಗಳಲ್ಲಿ ವೀಸಾ ಲೆಕ್ಕವೆಂದರೆ ರೈಲಿನ ಲೆಕ್ಕವೂ ಹೌದು. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ, ಗಾಡಿಯ ವೇಗವೂ ಕಡಿಮೆ. ಅಪಾಯಿಂಟ್‌ಮೆಂಟಿನ ದಿನವೇ ಬೆಳಿಗ್ಗೆ ಇಳಿಯುವ ಸಾಹಸ ಬೇಡ.

ಹಿಮ್ಮುಖ ಪಂಚಾಂಗ (ಸೆಪ್ಟೆಂಬರಿಗೆ ತರಗತಿ ಶುರುವಾಗುವುದಾದರೆ)

• ಹಿಂದಿನ ವರ್ಷದ ಆಗಸ್ಟ್: ಎಲ್ಲ ದಾಖಲೆಗಳ ಹೆಸರು, ಜನ್ಮದಿನಾಂಕ ತಾಳೆ. ಪಾಸ್‌ಪೋರ್ಟು. 15ರಿಂದ 18 ವರ್ಷದವರು ಹತ್ತು ವರ್ಷದ ಪಾಸ್‌ಪೋರ್ಟನ್ನೇ ಕೇಳಬಹುದು.
• ಸೆಪ್ಟೆಂಬರ್–ನವೆಂಬರ್: ಇಂಗ್ಲಿಷ್ ಪರೀಕ್ಷೆ, ಟ್ರಾನ್‌ಸ್ಕ್ರಿಪ್ಟ್. ಜರ್ಮನಿಗಾದರೆ ಎಪಿಎಸ್ (ಓದಿನ ದಾಖಲೆಗಳ ಪರಿಶೀಲನೆ) ಅರ್ಜಿ.
• ಡಿಸೆಂಬರ್–ಫೆಬ್ರುವರಿ: ವಿಶ್ವವಿದ್ಯಾಲಯಗಳಿಗೆ ಅರ್ಜಿ, ವಿದ್ಯಾರ್ಥಿವೇತನ.
• ಮಾರ್ಚ್–ಏಪ್ರಿಲ್: ಸೀಟು ಖಚಿತ, ಬ್ಯಾಂಕ್ ಸಾಲ ಮಂಜೂರು.
• ಮೇ–ಜೂನ್: ವೀಸಾ ಅರ್ಜಿ, ಸಂದರ್ಶನ. ಆದಷ್ಟೂ ಮಳೆ ಹಿಡಿಯುವ ಮೊದಲು.
• ಜುಲೈ: ಏನಾದರೂ ಎಡವಟ್ಟಾದರೆ ಸರಿಪಡಿಸಲು ಕಾದಿರಿಸಿದ ತಿಂಗಳು.

ಸೊಸೈಟಿ ಪಾಸ್‌ಬುಕ್ಕು, ಅಡಿಕೆ ದುಡ್ಡು

ಅಡಿಕೆ, ತೆಂಗು, ಮೆಣಸಿನ ಮನೆಯವರಿಗೆ ದುಡ್ಡು ಇಲ್ಲವೆಂದಲ್ಲ. ಅದು ತಿಂಗಳ ಸಂಬಳದ ಹಾಗೆ ಕಾಣಿಸುವುದಿಲ್ಲ, ಅಷ್ಟೇ. ಕೊಯ್ಲು ಮುಗಿದ ಮೇಲೆ ಒಮ್ಮೆಲೇ ಬರುತ್ತದೆ, ಸಹಕಾರಿ ಸೊಸೈಟಿಯ ಖಾತೆಯಲ್ಲಿ ಕೂರುತ್ತದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ಸ್ ಕಾಗದವೂ ಇಲ್ಲ. ವೀಸಾ ಅಧಿಕಾರಿ ಹುಡುಕುವುದು ಮಾತ್ರ ಬ್ಯಾಂಕ್ ಸ್ಟೇಟ್‌ಮೆಂಟನ್ನು.

ಪರಿಹಾರ ಸರಳ, ಆದರೆ ಸಮಯ ಬೇಡುತ್ತದೆ. ಹಣವನ್ನು ಅರ್ಜಿಗೆ ತಿಂಗಳುಗಳ ಮೊದಲೇ ದೊಡ್ಡ ಬ್ಯಾಂಕಿನ ಖಾತೆಗೆ ತನ್ನಿ. ಪಹಣಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಅಡಿಕೆ ಮಾರಿದ ಪಟ್ಟಿ ಜೋಡಿಸಿ. ಅರ್ಜಿಯ ಹಿಂದಿನ ವಾರ ನೆಂಟರಿಂದ ಸಾಲ ತಂದು ಖಾತೆ ತುಂಬಿದರೆ ಅದು ಎದ್ದು ಕಾಣುತ್ತದೆ. ಬ್ರಿಟನ್ ಕೇಳುವುದು ಪೂರ್ತಿ ಮೊತ್ತ ಬಿಡದೆ 28 ದಿನ ಖಾತೆಯಲ್ಲಿರಬೇಕೆಂದು. ನಡುವೆ ಒಂದು ದಿನ ಕಡಿಮೆಯಾದರೂ ಎಣಿಕೆ ಮೊದಲಿನಿಂದ.

ಸಾಲದವರಿಗೊಂದು ಅನುಕೂಲವಿದೆ. ಮಾನ್ಯತೆ ಪಡೆದ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ವಿದೇಶಕ್ಕೆ ಕಳಿಸುವ ಶುಲ್ಕಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಇಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನಲ್ಲಿ ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೂ ಪಾಲಿದೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ‘ಪಢೋ ಪರದೇಸ್’ ಮಾತ್ರ 2022–23ರಿಂದ ನಿಂತಿದೆ. ಅದನ್ನು ನಂಬಿ ಕೂರಬೇಡಿ.

ದೇಶಕ್ಕೊಂದು ಕೀಲಿ

• ಅಮೆರಿಕ: ವಿಶ್ವವಿದ್ಯಾಲಯ ಕೊಡುವ ಪ್ರವೇಶ ಪತ್ರ ಐ-20. ವಿದ್ಯಾರ್ಥಿ ನೋಂದಣಿಯ ಸೆವಿಸ್ ಶುಲ್ಕ 350 ಡಾಲರ್, ವೀಸಾ ಅರ್ಜಿ 185 ಡಾಲರ್. ತರಗತಿಗೆ 30 ದಿನಕ್ಕಿಂತ ಮೊದಲು ಒಳಗೆ ಬಿಡುವುದಿಲ್ಲ.
• ಬ್ರಿಟನ್: ವಿಶ್ವವಿದ್ಯಾಲಯ ಪ್ರವೇಶ ದೃಢಪಡಿಸಿ ಕೊಡುವ ಸಿಎಎಸ್ ಸಂಖ್ಯೆ, ಕ್ಷಯ ಪರೀಕ್ಷೆಯ ಪ್ರಮಾಣಪತ್ರ. ಕೋರ್ಸಿಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಆರೋಗ್ಯ ಶುಲ್ಕ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್.
• ಜರ್ಮನಿ: 2022ರ ನವೆಂಬರಿನಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ಜೀವನ ವೆಚ್ಚಕ್ಕೆ ತೆಗೆದಿಡುವ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೊ (2024ರ ಸೆಪ್ಟೆಂಬರಿನಿಂದ).
• ಕೆನಡಾ: ಬೇಗ ವೀಸಾ ಕೊಡುತ್ತಿದ್ದ ಎಸ್‌ಡಿಎಸ್ ದಾರಿ 2024ರ ನವೆಂಬರ್ 8ಕ್ಕೆ ಮುಚ್ಚಿತು. ಜೀವನ ವೆಚ್ಚಕ್ಕೆ 22,895 ಕೆನಡಾ ಡಾಲರ್ ತೋರಿಸಬೇಕು (2025ರ ಸೆಪ್ಟೆಂಬರಿನಿಂದ).
• ಈ ಅಂಕಿಗಳು ಬದಲಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ದಿನ ಆಯಾ ಸರ್ಕಾರದ ಜಾಲತಾಣದಲ್ಲೇ ನೋಡಿ.

ಕಿಟಕಿಯ ಮುಂದೆ ಕೆಲವೇ ನಿಮಿಷ

ಇಷ್ಟೆಲ್ಲ ತಯಾರಿಯ ಕೊನೆಗೆ ಸಂದರ್ಶನ ನಡೆಯುವುದು ಕೆಲವೇ ನಿಮಿಷ, ಗಾಜಿನ ಕಿಟಕಿಯ ಮುಂದೆ. ಅಮೆರಿಕದ ಕಾನೂನಿನ 214(ಬಿ) ಎಂಬ ಕಲಮು ಬಂದವರೆಲ್ಲ ಅಲ್ಲೇ ನೆಲೆಸಲು ಬಂದವರು ಎಂದೇ ಭಾವಿಸಿ ಶುರುಮಾಡುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ವಿದ್ಯಾರ್ಥಿಯದು. ಊರಿನ ತೋಟ, ಮನೆ, ಮರಳಿ ಬಂದು ಮಾಡುವ ಕೆಲಸದ ಆಲೋಚನೆ, ಇವೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಅಪ್ಪನ ಪಹಣಿ ಆ ಫೈಲಿನಲ್ಲಿದ್ದುದು ಅದಕ್ಕೇ.

2025ರ ಮೇ ಕೊನೆಯಲ್ಲಿ ಅಮೆರಿಕ ವಿದ್ಯಾರ್ಥಿ ವೀಸಾ ಸಂದರ್ಶನಗಳ ಹೊಸ ದಿನಾಂಕ ಕೊಡುವುದನ್ನೇ ನಿಲ್ಲಿಸಿತು. ಜೂನ್ ನಡುವಿನಲ್ಲಿ ಮತ್ತೆ ತೆರೆದಾಗ ಹೊಸ ಷರತ್ತೊಂದು ಸೇರಿತ್ತು. ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಆ ವರ್ಷ ಎಲ್ಲವನ್ನೂ ಜೂನಿಗೆ ಇಟ್ಟುಕೊಂಡವರು ಉಗುರು ಕಚ್ಚುತ್ತ ಕೂತರು.

ಉಳಿದದ್ದು ಸತ್ಯ. ಉರು ಹೊಡೆದ ಉತ್ತರ ಎರಡನೇ ಪ್ರಶ್ನೆಗೇ ಮುಗ್ಗರಿಸುತ್ತದೆ. ಏಜೆಂಟರು ತಯಾರಿಸಿ ಕೊಟ್ಟ ನಕಲಿ ಅನುಭವ ಪತ್ರ, ಬ್ಯಾಂಕ್ ಕಾಗದ ಸಿಕ್ಕಿಬಿದ್ದರೆ ಬ್ರಿಟನ್ ಹತ್ತು ವರ್ಷದವರೆಗೆ ಬಾಗಿಲು ಹಾಕಬಹುದು. ಅಮೆರಿಕದಲ್ಲಿ ಬೇಕೆಂದೇ ಸುಳ್ಳು ಹೇಳಿದ್ದು ಸಾಬೀತಾದರೆ ನಿರ್ಬಂಧ ಬದುಕಿಡೀ ಕಾಡಬಹುದು. ಕಾಗದ ತಯಾರಿಸಿದ ಏಜೆಂಟರ ಹೆಸರು ಅರ್ಜಿಯಲ್ಲಿ ಇರಲಿಕ್ಕಿಲ್ಲ, ಸಹಿ ಮಾತ್ರ ಹುಡುಗನದೇ.

ಮೇಷ್ಟ್ರೂ ಹೊರಟರು

ಹೊರಡುವವರು ವಿದ್ಯಾರ್ಥಿಗಳಷ್ಟೇ ಅಲ್ಲ. ಅಘನಾಶಿನಿಯ ಅಳಿವೆ, ಶರಾವತಿ ಕಣಿವೆಯ ಕಾಡು, ಯಕ್ಷಗಾನ ಇವುಗಳ ಮೇಲೆ ಪ್ರಬಂಧ ಮಂಡಿಸಲು ಅಧ್ಯಾಪಕರೂ ಹೋಗುತ್ತಾರೆ. ಯುರೋಪಿನ ಸಮ್ಮೇಳನವಾದರೆ ಶೆಂಗೆನ್ ವೀಸಾ. ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ತಡವೆಂದರೆ 15 ದಿನ ಮೊದಲು. ಶುಲ್ಕ 2024ರ ಜೂನ್‌ನಿಂದ 90 ಯೂರೊ, ಪ್ರಯಾಣ ವಿಮೆ ಕನಿಷ್ಠ 30,000 ಯೂರೊಗಳದ್ದು. ಮೂರು ದೇಶ ಸುತ್ತುವವರು ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ ಹಾಕಬೇಕು.

ಇವರು ಮರೆಯುವ ಕಾಗದ ಸಾಮಾನ್ಯವಾಗಿ ಒಂದೇ: ಕಾಲೇಜಿನ ನಿರಾಕ್ಷೇಪಣಾ ಪತ್ರ. ಸರ್ಕಾರಿ, ಅನುದಾನಿತ ಕಾಲೇಜಿನ ಕಡತ ಇಲಾಖೆಯ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಸಮ್ಮೇಳನದ ಊಟದ ಬಿಡುವೂ ಮುಗಿದಿರುತ್ತದೆ. ಆಹ್ವಾನ ಪತ್ರ ಬಂದ ದಿನವೇ ಅರ್ಜಿ ಬರೆಯಿರಿ.

ಇತ್ತ ಬರುವವರಿಗೂ

• ಗೋಕರ್ಣಕ್ಕೆ ಪ್ರವಾಸಿ ವೀಸಾದಲ್ಲಿ ಬಂದ ವಿದೇಶಿಯರು ಅದರಲ್ಲೇ ಕ್ಷೇತ್ರ ಸಂಶೋಧನೆ ಮಾಡುವಂತಿಲ್ಲ. ಅದಕ್ಕೆ ಸಂಶೋಧನಾ ವೀಸಾ ಬೇರೆ.
• 180 ದಿನಕ್ಕಿಂತ ದೀರ್ಘ ವೀಸಾದವರು ಬಂದ 14 ದಿನದೊಳಗೆ ನೋಂದಣಿ ಮಾಡಿಸಬೇಕು.
• ವಿದೇಶಿ ಅತಿಥಿ ಬಂದರೆ ಲಾಡ್ಜು, ಹೋಮ್‌ಸ್ಟೇಯವರು 24 ಗಂಟೆಯೊಳಗೆ ಮಾಹಿತಿ ಕೊಡಬೇಕು.
• 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ.

ಇಂದು ರಾತ್ರಿಯ ಕೆಲಸ

ಮತ್ಸ್ಯಗಂಧ ಬಂತು. ಹುಡುಗ ಫೈಲನ್ನು ಮೊದಲು ಒಳಗೆ ದಾಟಿಸಿ ಆಮೇಲೆ ತಾನು ಹತ್ತಿದ. ಅದರ ಪ್ರತಿಯೊಂದು ಕಾಗದದ ನಕಲೂ ಅವನ ಇಮೇಲಿನಲ್ಲಿದೆ, ಇನ್ನೊಂದು ಪ್ರತಿ ಮನೆಯ ಕಪಾಟಿನಲ್ಲಿದೆ. ಒದ್ದೆಯಾದರೂ ಅಂಥ ನಷ್ಟವಿರಲಿಲ್ಲ ಎಂಬುದು ಆಯಿಗೂ ಗೊತ್ತು. ಆದರೂ ಹೇಳದೆ ಇರಲಾಗಲಿಲ್ಲ.

ನಿಮ್ಮ ಮನೆಯಲ್ಲಿ ಪಿಯುಸಿಯ ಹುಡುಗಿಯೋ ಡಿಗ್ರಿಯ ಹುಡುಗನೋ ಇದ್ದರೆ, ವಿದೇಶದ ಮಾತು ಇನ್ನೂ ಎದ್ದಿರದಿದ್ದರೂ, ಇಂದು ರಾತ್ರಿ ಊಟದ ಮೇಲೆ ಟ್ರಂಕು ತೆಗೆಯಿರಿ. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಕಾರ್ಡು, ಈ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಒಂದೊಂದೇ ಇಂಗ್ಲಿಷ್ ಅಕ್ಷರ ಓದಿ. ಮೂರೂ ಒಂದೇ ಆಗಿದ್ದರೆ ನೆಮ್ಮದಿಯಿಂದ ಮಲಗಿ. ಇಲ್ಲವಾದರೆ ನಾಳೆ ಬೆಳಿಗ್ಗೆ ಶಾಲೆಯ ಕಚೇರಿಗೆ ಹೋಗಿ.